ಕಂಪ್ಯೂಟರಿನಲ್ಲೇ ಅಚ್ಚಾದ ಕಂಪ್ಯೂಟರ್ ವಿರೋಧ

ಬಹಿರಂಗವಾಗಿ ವಿರೋಧಿಸುವ ವಸ್ತುವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ಮನುಷ್ಯನಿಗೆ ಇದೆಯೋ ಇಲ್ಲವೋ? ಇದೆ ಎಂದು ನಾನು ಇವತ್ತಿಗೂ ವಾದಿಸುತ್ತೇನೆ. ಬೀಡಿ ಸೇದಬೇಡಿ ಎನ್ನುತ್ತಲೇ ಸಿಗರೇಟು ಹಚ್ಚುವ ವೈದ್ಯರನ್ನು ಕಂಡಿದ್ದೇನೆ. ಮಿತವಾಗಿ ಮಾತಾಡಿ ಎಂದು ಎರಡು ಗಂಟೆ ಭಾಷಣ ಬಿಗಿದವರನ್ನೂ ಕೂತು ಕೇಳಿದ್ದೇನೆ. ಅವರನ್ನೆಲ್ಲ ಬಿಟ್ಟು ಜನ ನನ್ನೊಬ್ಬನನ್ನೇ ಹಿಡಿದುಕೊಂಡರು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಸಾಗರದ ಬ್ಯಾಂಕೊಂದರಲ್ಲಿ ಗುಮಾಸ್ತ, ಜೊತೆಗೆ ನೌಕರರ ಸಂಘದ ಕಾರ್ಯದರ್ಶಿ. ಕಂಪ್ಯೂಟರ್ ಬಂದರೆ ನಮ್ಮ ಕೆಲಸ ಹೋಗುತ್ತದೆಂದು ಎಲ್ಲರಿಗೂ ಭಯ. ಶಾಖೆಯ ಬಾಗಿಲಲ್ಲಿ ನಿಂತು 'ಬೇಡ, ಬೇಡ' ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದವನು ನಾನೇ. ಆದರೆ ಕೂಗುವಾಗೆಲ್ಲ ಒಳಗೊಳಗೇ ನಾಚಿಕೆ. ಆ ಶತ್ರುವಿನ ಮುಖವನ್ನೇ ನಾನು ನೋಡಿರಲಿಲ್ಲ! ಹಾಗಿರುವಾಗ ತೀರ್ಥಹಳ್ಳಿಯ ನನ್ನ ಪರಿಚಯದ ಡಾಕ್ಟರೊಬ್ಬರು, ಮಕ್ಕಳ ಆಟಕ್ಕೆಂದು ಮುಂಬಯಿಯಿಂದ ತಂದಿದ್ದ ಮನೆ ಕಂಪ್ಯೂಟರನ್ನು ಕೊಟ್ಟುಬಿಡುತ್ತೇನೆ ಎಂದರು. ಮಕ್ಕಳಿಗೆ ಅದು ಬೇಸರ ಬಂದಿತ್ತಂತೆ. ಕೀಲಿಮಣೆಯೇ ಕಂಪ್ಯೂಟರು, ಟಿ.ವಿ.ಯೇ ಪರದೆ. ಜೊತೆಗೆ ಫ್ಲಾಪಿ ಎಂಬ ಚೌಕ ತಟ್ಟೆಯನ್ನು ಓದುವ ಒಂದು ಡ್ರೈವು, ಒಂದು ಸಣ್ಣ ಪ್ರಿಂಟರು.

ಬಟ್ಟೆಯಲ್ಲಿ ಸುತ್ತಿ ಬಸ್ಸಿಗೆ ಹತ್ತಿಸಿದೆ. ಕೋಣಂದೂರು ದಾಟಿದ ಮೇಲೆ ಕಂಡಕ್ಟರು, "ಎಂತ ಸಾರ್ ಗಂಟು?" ಅಂದ. ಸಂಘದ ಮಾನ ನೆನಪಾಗಿ "ಹಾರ್ಮೋನಿಯಂ" ಅಂದೆ. "ಹಂಗಾರೆ ರಿಪ್ಪನ್‌ಪೇಟೆ ಬರೋವರೆಗೆ ಒಂದ್ ಹಾಡ್ ಹೇಳಿ!" ಗಂಟಲು ನೋವೆಂದು ಕೆಮ್ಮಿ ತೋರಿಸಿದೆ.

ಮನೆಗೆ ತಂದ ಮೇಲೆ ಆ ಯಂತ್ರದ ಒಂದು ದೋಷ ಕಂಡಿತು. ಅದಕ್ಕೆ ಒಂದು ಸಲಕ್ಕೆ ಒಂದೇ ಕೆಲಸ. ಪ್ರಿಂಟರು ಕಾಗದ ಮುಗಿಸುವವರೆಗೆ ಕೀಲಿಗಳನ್ನು ಎಷ್ಟು ಕುಟ್ಟಿದರೂ ಉತ್ತರವಿಲ್ಲ. ಪೆಟ್ಟಿಗೆಯ ತಳದಲ್ಲಿ ಒಂದು ಫ್ಲಾಪಿಯೂ ದಪ್ಪ ಪುಸ್ತಕವೂ ಇದ್ದವು. ದೊಡ್ಡ ಯಂತ್ರಗಳಲ್ಲಿ ನಡೆಯುವ ಯುನಿಕ್ಸ್ ಎಂಬ ವ್ಯವಸ್ಥೆಯ ಮಾದರಿಯಲ್ಲಿ ಈ ಪುಟ್ಟ ಯಂತ್ರದಿಂದಲೂ ಆ ಫ್ಲಾಪಿ ಹಾಕಿ ಏಕಕಾಲಕ್ಕೆ ಹಲವು ಕೆಲಸ ಮಾಡಿಸಬಹುದು ಎಂದು ಪುಸ್ತಕದಲ್ಲಿ ಬರೆದಿತ್ತು. ಡಾಕ್ಟರಿಗೆ ಫೋನು ಮಾಡಿ ಕೇಳಿದೆ. "ಅದು ನಿಮ್ಮಿಂದ ಆಗೂದಲ್ಲ ಬಿಡಿ ಮಾರಾಯ್ರೆ, ನಾನೇ ಕೈಬಿಟ್ಟೆ" ಅಂದರು. ಅಲ್ಲಿಯವರೆಗೆ ನನಗೆ ಬರೀ ಕುತೂಹಲವಿತ್ತು. ಆ ಮಾತು ಕೇಳಿದ ಮೇಲೆ ಹಟ ಹುಟ್ಟಿತು.

ನನ್ನ ಹೆಂಡತಿ ಸರೋಜ ನಕ್ಕಳು. "ಪೇಪರ್ ಓದ್ತಾ ಕೂತ್ರೆ ಎದುರಿಗೆ ಹಾಲು ಉಕ್ಕಿದ್ದು ಕಾಣಲ್ಲ ನಿಮಗೆ. ನೀವು ಅದಕ್ಕೆ ಎರಡು ಕೆಲಸ ಒಟ್ಟಿಗೆ ಮಾಡೋದು ಕಲಿಸ್ತೀರಾ?"

ಮೂಲ ಫ್ಲಾಪಿ ಹಾಳಾಗದಿರಲೆಂದು ಮೊದಲು ಅದರ ನಕಲು ತೆಗೆಯಬೇಕಿತ್ತು. ಡ್ರೈವು ಒಂದೇ ಆದ್ದರಿಂದ ಮೂಲ ಹಾಕಿ, ಅದು ಒಂದು ತುತ್ತು ಓದಿದ ಮೇಲೆ ತೆಗೆದು, ನಕಲು ಹಾಕಿ, ಮತ್ತೆ ಮೂಲ ಹಾಕಿ, ಹೀಗೆ ಹತ್ತಾರು ಸಲ. ಪರದೆ ನೋಡಿ ಹೇಳುವ ಕೆಲಸ ಸರೋಜಳದು. "ಮೂಲ... ನಕಲು... ಮೂಲ..." ಮಂತ್ರ ಹೇಳಿಸುವ ಪುರೋಹಿತರ ಗತ್ತೇ ಗತ್ತು. ಮೊದಲ ಭಾನುವಾರ ಅರ್ಧಕ್ಕೆ ಕರೆಂಟು ಹೋಯಿತು. ಎರಡನೆಯ ಭಾನುವಾರ ನಾನು ನಕಲಿನ ಸರದಿಯಲ್ಲಿ ಮೂಲವನ್ನೇ ತುರುಕಲು ಹೋದೆ. ಒಳಗೆ ಹೋಗಿದ್ದರೆ ಎಲ್ಲ ಅಳಿಸಿಹೋಗುತ್ತಿತ್ತು. ಸರೋಜ ಮಣಿಕಟ್ಟು ಹಿಡಿದಳು. "ನಕಲು ಅಂದೆ ನಾನು! ಕಿವಿ ಎಲ್ಲಿ ಇಟ್ಟಿದೀರಿ?" ಆ ಗಲಾಟೆಯಲ್ಲಿ ಸರದಿ ತಪ್ಪಿ ಅವತ್ತೂ ಕೆಟ್ಟಿತು. ಡಾಕ್ಟರು ಫೋನು ಮಾಡಿ "ಆಯ್ತಾ?" ಎಂದು ಕೇಳಿದಾಗ "ಮುಗೀತಾ ಬಂತು" ಅಂದೆ.

ಮೂರನೆಯ ಭಾನುವಾರ ನಕಲು ಮುಗಿಯಿತು. ಹೊಸ ಫ್ಲಾಪಿಯಿಂದ ಯಂತ್ರ ಎದ್ದು, ಇವತ್ತು ಯಾವ ತಾರೀಖು, ಗಂಟೆ ಎಷ್ಟು ಎಂದು ವಿನಯದಿಂದ ಕೇಳಿತು. ಒಂದು ಪತ್ರವನ್ನು ಅಚ್ಚಿಗೆ ಕಳಿಸಿ, ಪುಸ್ತಕ ಹೇಳಿದಂತೆ ಆಜ್ಞೆಯ ಕೊನೆಗೆ, ಇದನ್ನು ಹಿನ್ನೆಲೆಯಲ್ಲಿ ನಡೆಸುತ್ತಿರು ಎನ್ನುವ ಚಿಹ್ನೆಯೊಂದನ್ನು ಹಾಕಿದೆ. ಪ್ರಿಂಟರು ಕರಕರ ಎನ್ನತೊಡಗಿತು. ಅದು ಅಚ್ಚು ಮಾಡುತ್ತಿರುವಾಗಲೇ ಕೀಲಿ ಒತ್ತಿದೆ. ಅಕ್ಷರಗಳು ಏದುಸಿರು ಬಿಡುತ್ತಾ, ತಡವಾಗಿ, ಆದರೂ ಒಂದೊಂದಾಗಿ ಪರದೆಗೆ ಬಂದವು! ನಾನು ಕುರ್ಚಿಯಿಂದ ಎದ್ದು ನಿಂತು ಯಾರೂ ಇಲ್ಲದ ಗೋಡೆಗೆ "ಏನಂದ್ರಿ ಡಾಕ್ಟ್ರೇ?" ಎಂದು ಕೇಳಿದೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಆ ವಾರವೇ ಕಂಪ್ಯೂಟರ್ ವಿರೋಧದ ಇಂಗ್ಲಿಷ್ ಸುತ್ತೋಲೆ ಎಲ್ಲ ಶಾಖೆಗಳಿಗೂ ಹೋಗಬೇಕಿತ್ತು. ಸಂಘದ ಟೈಪ್‌ರೈಟರ್ ಕೆಟ್ಟಿತ್ತು. ಸುತ್ತೋಲೆಯನ್ನು ನನ್ನ ಯಂತ್ರದಲ್ಲೇ ಅಚ್ಚು ಮಾಡಿ ಕಳಿಸಿದೆ.

ಹೊಸನಗರದಲ್ಲಿ ಸಂಘದ ಸಭೆ. ಅಧ್ಯಕ್ಷ ಚೆನ್ನಪ್ಪನವರು ಸುತ್ತೋಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇದೆಂತ ಮಾರಾಯ್ರೆ, ಅಕ್ಷರವೆಲ್ಲ ಚುಕ್ಕಿ ಚುಕ್ಕಿ? ಸೊಳ್ಳೆ ಕಚ್ಚಿದ ಹಾಗಿದೆ. ಯಾವ ಮಿಷನ್‌ನಲ್ಲಿ ಹೊಡೆಸಿದ್ರಿ?"

ಮತ್ತೊಮ್ಮೆ ಹಾರ್ಮೋನಿಯಂ ಎನ್ನಲು ಮನಸ್ಸು ಬರಲಿಲ್ಲ. "ಕಂಪ್ಯೂಟರಲ್ಲಿ. ಮನೇಲಿದೆ" ಅಂದೆ.

"ದ್ರೋಹ" ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು.

"ಎಂತ ದ್ರೋಹ?" ಎದ್ದು ನಿಂತೆ. "ನಮ್ಮ ಹೋರಾಟ ಬ್ಯಾಂಕು ನಮ್ಮ ಕೆಲಸ ಕಿತ್ತುಕೊಳ್ಳೋದಕ್ಕೆ ವಿರುದ್ಧ. ನನ್ನ ಮಿಷನ್ನಿಂದ ಯಾರ ಕೆಲಸ ಹೋಗಿದೆ? ನನ್ನ ಮೂರು ಭಾನುವಾರ ಹೋಗಿದೆ, ಅಷ್ಟೆ. ಹೆದರೋದಾದ್ರೂ ಎಂತಕ್ಕೆ ಹೆದರ್ತಿದೀವಿ ಅಂತ ಗೊತ್ತಿರಬೇಕಲ್ಲ? ಬನ್ನಿ ಮನೆಗೆ, ತೋರಿಸ್ತೀನಿ."

ಯಾರೂ ಬರುತ್ತೇನೆ ಎನ್ನಲಿಲ್ಲ. ಯಂತ್ರ ಮಾರಿ ಕ್ಷಮೆ ಕೇಳಿ ಎಂದರು. ಮಾರುವುದಿಲ್ಲ, ಕೇಳುವುದಿಲ್ಲ, ಹುದ್ದೆಯನ್ನೂ ಬಿಡುವುದಿಲ್ಲ ಎಂದೆ. ಕೊನೆಗೆ ನನ್ನ ವಿರುದ್ಧ ಖಂಡನಾ ನಿರ್ಣಯ ಪಾಸಾಯಿತು. ನನ್ನದೊಂದು ಬಿಟ್ಟು ಎಲ್ಲ ಕೈಗಳೂ ಮೇಲೆದ್ದವು. ಸಂಕಟವಾಗಲಿಲ್ಲ ಎಂದರೆ ಸುಳ್ಳಾದೀತು. ಅವರ ಜೊತೆ ಎಷ್ಟು ವರ್ಷ ಕೂಗಿದ್ದೆ!

ಹೊರಡುವಾಗ ಚೆನ್ನಪ್ಪನವರು ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು. "ನಿರ್ಣಯದ ಪ್ರತಿ ಎಲ್ಲ ಶಾಖೆಗೂ ಹೋಗ್ಬೇಕು. ಅದು ಕಾರ್ಯದರ್ಶಿ ಕೆಲಸ. ನಿಯಮ ಹಾಗಿದೆ."

"ಟೈಪ್‌ರೈಟರ್ ಕೆಟ್ಟಿದೆಯಲ್ಲ?"

ಅವರು ಮಾಡಿನ ಕಡೆ ನೋಡಿದರು. "ಹ್ಯಾಂಗೋ ಮಾಡಿ ಕಳಿಸಿ. ನಾ ಕೇಳಲ್ಲ."

ಮರುದಿನ ಬೆಳಿಗ್ಗೆ ಪ್ರಿಂಟರು ನನ್ನ ಖಂಡನೆಯನ್ನು ಪ್ರತಿಯ ಮೇಲೆ ಪ್ರತಿ ಕರಕರ ಅಚ್ಚು ಮಾಡುತ್ತಿತ್ತು. ಅದೇ ಹೊತ್ತಿಗೆ ನಾನು ಪರದೆಯ ಮೇಲೆ ಅದಕ್ಕೆ ಖಾರವಾದ ಉತ್ತರ ಬರೆಯುತ್ತಿದ್ದೆ. ಸರೋಜ ಎರಡನ್ನೂ ಓದಿದಳು.

"ಖಂಡನೆ ಚಂದ ಇದೆ ಕಣ್ರೀ. ನಿಮ್ಮ ಉತ್ತರವೇ ಯಾಕೋ ಸಪ್ಪೆ."

ಸಪ್ಪೆಯಾಗದೆ ಏನಾದೀತು? ಖಂಡನೆಯ ಕರಡಿನಲ್ಲಿ ನಾಲ್ಕು ವಾಕ್ಯ ತೀರಾ ಸಡಿಲವಾಗಿದ್ದವು. ಕಾರ್ಯದರ್ಶಿಯ ಕರ್ತವ್ಯವೆಂದು ನಾನೇ ಅವನ್ನು ತಿದ್ದಿ ಹರಿತ ಮಾಡಿದ್ದೆ.