ಮೋಡದ ಮ್ಯಾಲಿನವರು, ಗುಡ್ಡದ ಒಳಗಿನವರು

ಕಥಿ ಬರೆಯುವವರು ಬರಿಯೂದು ಒಂದು, ಮಂದಿ ಓದೂದು ಇನ್ನೊಂದು. ಇಂಥಾವು ಮರಾಠಿ ಸೀಮೆಯ ನಮ್ಮ ಬಿಬವೇವಾಡಿಯೊಳಗ ವರ್ಷಕ್ಕೊಂದು ಆಗ್ತಲೇ ಇರ್ತಾವ. ನಾನು ಮೂರನೇ ಇಯತ್ತೆ ತನಕ ಕಲಿತವಳು. ಓದೂದಕ್ಕಿಂತ ಓದಿದವರ ಮಾತು ಕೇಳೂದು ನನಗ ಚಲೋ ಬರ್ತದ.

ಕೆಳಗಿನ ಮನಿಯ ಗುಮಾಸ್ತರು ಧಾರವಾಡ ಕಡೆಯವರು, ಪಾಪದ ಮನುಷ್ಯ. ಒಂದು ವರ್ಷ ಕನ್ನಡ ಸಂಘದ ದೀಪಾವಳಿ ಸಂಚಿಕೆಗೆ ಮಕ್ಕಳ ಕಥಿ ಕೊಟ್ಟರು. ಗುಡ್ಡದ ಒಳಗ ಕರೀ ಜನ, ಮೋಡದ ಮ್ಯಾಲ ಬಿಳೀ ಜನ. ಕರಿಯರು ಹಂಡೆ ಹಂಡೆ ನೀರು ಕಾಸ್ತಾರ, ಆ ಉಗಿಯೇ ಮೋಡ ಆಗ್ತದ, ಅದರ ಮ್ಯಾಲ ಬಿಳಿಯರು ತಮ್ಮ ರಾಜನ ಕೂಡ ಒರಗಿ ಕೂಡ್ತಾರ. ಮಳಿ ಹೆಂಗ ಬರ್ತದ ಅಂತ ಹುಡುಗರಿಗೆ ತಿಳಿಸಬೇಕು, ಅಷ್ಟೇ ಅವರ ಉದ್ದೇಶ.

ಅದೇ ಹೊತ್ತಿಗೆ ಅವರ ಮಗಳ ಲಗ್ನ ಕಾತ್ರಜದ ಹೋಟೆಲಿನವರ ಮಗನ ಕೂಡ ಮಾತಾಗಿತ್ತು. ಅವರು ಕರಾವಳಿಯವರು. ತುಳಸಿ ಲಗ್ನ ಆದ ಮ್ಯಾಲ ನಿಶ್ಚಯ. ಹುಡುಗಿಗೆ ಹುಡುಗ ಎಷ್ಟು ಮನಸ್ಸಿಗೆ ಬಂದಿದ್ದ ಅಂದ್ರ, ಆಗಲೇ ನೀರುದೋಸಿ ಕಲಿಯಲಿಕ್ಕೆ ಹೋಗಿ ಅವ್ವನ ಎರಡು ಹೆಂಚು ಹಾಳು ಮಾಡಿದ್ದಳು.

೧. ಗಾದಿ

ಮೊದಲು ಸಿಟ್ಟಿಗೆದ್ದವರು ಸಂಘದ ಅಧ್ಯಕ್ಷರು. ಅವರದು ಅರಿವಿ ಅಂಗಡಿ. ದಿನಾ ಬಿಳೀ ಗಾದಿ ಮ್ಯಾಲ ಲೋಡಿಗೆ ಒರಗಿ ಕೂತು, ಆಳುಗಳಿಗೆ ಬರೇ ಬೆರಳು ತೋರಿಸ್ತಾರ. ಗುಮಾಸ್ತರನ್ನ ಕರೆಸಿ, ದುಡಿಯುವವರು ಒಬ್ಬರು, ಒರಗುವವರು ಒಬ್ಬರು ಅಂತ ಬರದೀರಲ್ಲ, ಇದು ಯಾವ ಪಕ್ಷದ ಮಾತು ಅಂತ ಕೇಳಿದರಂತ. ಗುಮಾಸ್ತರು ಮಳಿ, ಉಗಿ ಅಂತ ತೊದಲಿದರು. ಅಧ್ಯಕ್ಷರು ನಂಬಲಿಲ್ಲ. ಮರುದಿನ ನಾನು ಸುಮ್ಮನ ಜಂಪರ್ ಅರಿವಿ ನೋಡುವ ನೆವದಿಂದ ಹೋದೆ. ಗಾದಿಗೆ ಕೆಂಪು ಹೂವಿನ ಚಾದರ ಹಾಸಿತ್ತು.

೨. ದರ್ಬಾರು

ನಮ್ಮ ಪಕ್ಕದ ಮನಿಯ ಅಜ್ಜಿ ಭೋರ್‌ನವಳು, ಮರಾಠಿಯವಳು. ಅಕಿಯ ಮಾವನವರು ಅಲ್ಲಿಯ ರಾಜರ ಸಂಸ್ಥಾನದ ಚಾಕರಿಯೊಳಗಿದ್ದವರು. ಗ್ವಾಡಿ ಆಚಿಂದ ಅಕಿಗೆ ನಾನೇ ಮರಾಠಿಯೊಳಗ ಕಥಿ ಹೇಳಿದೆ. ಮೋಡದ ರಾಜನಿಗೆ ಕಾಲ ಕೆಳಗ ಗೇಣು ನೆಲ ಇಲ್ಲ, ಆದರೂ ಮುಂಜಾನೆ ಎದ್ದು ದರ್ಬಾರು ನಡಸ್ತಾನ ಅಂದಾಗ ಅಕಿಯ ಮುಖ ಇಳೀತು. ಸಂಸ್ಥಾನ ಹೋದ ಮ್ಯಾಲೂ ನಮ್ಮ ಮಾವ ಪೇಟಾ ಸುತ್ತಿಕೊಂಡು ಹಾಲಿನವನನ್ನ ಬಾಗಲಾಗ ನಿಲ್ಲಿಸಿ ಹಾಜರಿ ಕೇಳ್ತಿದ್ದರು, ಆ ಮಾತು ನಿಮ್ಮ ಗುಮಾಸ್ತರಿಗೆ ಯಾರು ಹೇಳಿದರು ಅಂತ ನನ್ನನ್ನೇ ದಿಟ್ಟಿಸಿದಳು. ನಾನು ಗುಮಾಸ್ತರಿಗೆ ಹೇಳಿಲ್ಲ ಅಂತ ದೇವರಾಣಿ ಮಾಡಿದೆ. ಖರೇನೇ ಹೇಳಿರಲಿಲ್ಲ. ಉಳಿದವರಿಗೆಲ್ಲ ಹೇಳಿದ್ದೆ.

೩. ತೊಟ್ಟಿಲು

ಕಾತ್ರಜದೊಳಗ ಒಂದು ಕೂಸಿನ ಹೆಸರಿಡುವ ಕಾರ್ಯ. ಅಲ್ಲಿ ಲಗ್ನದ ಹುಡುಗನ ತಾಯಿ, ಹೋಟೆಲಿನವರ ಹೆಂಡತಿ, ಸಿಕ್ಕರು. ನಿಮ್ಮ ಬೀಗರು ಕಥಿ ಬರದಾರ, ಅದರೊಳಗ ಹಂಡೆ, ಉಗಿ, ಕರೀ ಜನ ಎಲ್ಲ ಅದ, ಓದ್ರಿ ಅಂದೆ. ಒಳ್ಳೇ ಮನಸ್ಸಿನಿಂದಲೇ ಅಂದೆ. ಹುಡುಗ ತುಸು ಕಪ್ಪು ಅನ್ನೂದು ನನಗ ಆಮೇಲೆ ನೆನಪಾತು, ಬಸ್ಸಿನೊಳಗ.

ಮೂರು ದಿನ ಕಾತ್ರಜದಿಂದ ಫೋನಿಲ್ಲ. ಹುಡುಗಿ ದೋಸಿ ಹೆಂಚು ಅಟ್ಟಕ್ಕ ಏರಿಸಿದಳು. ಅವರವ್ವ ಮ್ಯಾಲ ಬಂದು ನನ್ನ ಮುಂದ ಕಣ್ಣೀರು ಹಾಕಿದಳು, ಅದ್ಯಾವ ಹಾಳ ಬಾಯಿ ಅವರಿಗೆ ಸುದ್ದಿ ಮುಟ್ಟಿಸ್ತೋ ಅಂತ. ನಾನೂ ಅಕಿ ಜೋಡಿ ಕೂತು ಆ ಬಾಯಿಗೆ ಮನಸಾರೆ ಶಾಪ ಹಾಕಿದೆ.

೪. ಹಂಡೆ

ಐತವಾರ ಹೋಟೆಲಿನವರು ತಾವೇ ಬಂದರು, ಕೈಯೊಳಗ ಸುರುಳಿ ಸುತ್ತಿದ ಸಂಚಿಕೆ. ನಾನು ಹೆಪ್ಪು ಕೇಳುವ ನೆವದಿಂದ ಬಟ್ಟಲು ಹಿಡಕೊಂಡು ಇಳಿದೆ. ಗುಮಾಸ್ತರು ಅವರು ಕೂಡುವ ಮೊದಲೇ ಕೈ ಮುಗಿದರು.

"ಗುಡ್ಡದ ಒಳಗ ಬಿಸಿಲು ಹೆಂಗ ಬರಬೇಕ್ರಿ? ಹೊಗಿ ಬ್ಯಾರೆ. ಅದಕ್ಕ ಕರೀ ಜನ ಅಂದೆ. ನಿಮ್ಮ ಮಗನ್ನ ನೆನಸಿ ಬರದಿಲ್ರಿ."

"ಕಪ್ಪು ಅಂದ್ರೆ ಕಪ್ಪೇ ಮಾರಾಯ್ರೆ," ಅಂದರು ಹೋಟೆಲಿನವರು. "ನನ್ನ ಮಗ ಕಪ್ಪು, ನಾನು ಅವನಿಗಿಂತ ಕಪ್ಪು. ಹಂಡೆ ಹತ್ರ ನಿಲ್ಲಿಸಿದ್ರಿ, ನಿಲ್ಲುವವರೇ ನಾವು. ಅದೆಲ್ಲ ಇರಲಿ. ಇಲ್ಲಿ ಎಂತ ಬರೆದಿದ್ದೀರಿ?"

ಕೆಂಪು ಗೆರೆ ಎಳೆದ ಸಾಲು ತೋರಿಸಿದರು. ಮಳಿ ಕೇಳಲಿಕ್ಕೆ ಬಂದ ದಾರಿಹೋಕ ಗುಡ್ಡದವರ ಹತ್ತಿರ ಒಂದು ದಿನ ಇದ್ದು, ಹಸಿದೇ ಹೋದ ಅಂತ ಇತ್ತು.

"ಅಷ್ಟು ಹಂಡೆ ಒಲೆ ಮೇಲಿಟ್ಟವರ ಮನೆಯಿಂದ ಒಬ್ಬ ಹಸಿದು ಹೋಗ್ತಾನಾ? ಇದನ್ನು ಓದಿ ನನ್ನ ಹೆಂಡತಿಗೆ ಮೂರು ದಿನದಿಂದ ನಿದ್ದೆ ಇಲ್ಲ."

"ಅವರು ಬರೇ ನೀರು ಕಾಸ್ತಿದ್ದರ್ರಿ," ಅಂದರು ಗುಮಾಸ್ತರು.

"ಕುದಿಯುವ ನೀರಿಗೆ ಅಕ್ಕಿ ಹಾಕ್ಲಿಕ್ಕೆ ಎಷ್ಟು ಹೊತ್ತು ಬೇಕು?"

ಹುಡುಗಿ ಒಳಗಿಂದ ಓಡಿ ಬಂದು ಅಪ್ಪನ ಕೈಗೆ ಪೆನ್ನು ಕೊಟ್ಟಳು. ಹೋಟೆಲಿನವರು ಹೇಳ್ತಾ ಹೋದರು, ಗುಮಾಸ್ತರು ಬರಕೊಂಡರು: ಅನ್ನ, ಸಾರು, ಎರಡು ಪಲ್ಯ, ಪಾಯಸ, ಕಡೆಗೆ ಮಜ್ಜಿಗಿ. ಯುಗಾದಿ ಸಂಚಿಕೆಯೊಳಗ ತಿದ್ದುಪಡಿ ಬಂತು. ದಾರಿಹೋಕ ಹೊಟ್ಟಿ ತುಂಬ ಉಂಡಿದ್ದ, ತಪ್ಪಾಗಿ ಹಸಿದವನೆಂದು ಅಚ್ಚಾಗಿತ್ತು, ಕ್ಷಮೆ ಇರಲಿ ಅಂತ.

ಆದರ ನಿಶ್ಚಯ ಅಲ್ಲೀ ತನಕ ಕಾಯಲಿಲ್ಲ, ಮೊದಲೇ ಠರಾಯಿಸಿದ ದಿನಾನೇ ಆತು. ಗುಮಾಸ್ತರನ್ನ ಮೊದಲ ಎಲಿಗೆ ಕೂಡಿಸಿ, ಒಂದು ಕಡೆ ಬೀಗರು, ಇನ್ನೊಂದು ಕಡೆ ಬೀಗತಿ ಸೌಟು ಹಿಡಿದು ನಿಂತರು. ಉಂಡು ಭಾರಾದ ಗುಮಾಸ್ತರನ್ನ ಎಬ್ಬಿಸಲಿಕ್ಕೆ ಅಳಿಯನೇ ರಟ್ಟಿ ಹಿಡೀಬೇಕಾತು.

ಆಮೇಲೂ ಗುಮಾಸ್ತರು ಬರೀತಾರ. ಮುಂದಿನ ವರ್ಷದ ಕಥಿಯೊಳಗ ರಾಕ್ಷಸ ಒಬ್ಬ ರಾಜಕುಮಾರಿಯನ್ನ ಹೊತ್ತುಕೊಂಡು ಹೋದ. ಗವಿ ಮುಟ್ಟಿದ ಕೂಡಲೇ ಎಲಿ ಹಾಕಿ ಬಡಿಸಿದ. ಬಿಡಿಸಲಿಕ್ಕೆ ಬಂದ ರಾಜಕುಮಾರ ಎರಡನೇ ಪಂಕ್ತಿಗೆ ಕೂತು, ಪಾಯಸ ಮುಗಿಸಿ, ಕೈ ತೊಳಕೊಂಡು ಬಂದೇ ಕತ್ತಿ ಎತ್ತಿದ.