ವೀಸಾ ಫೋಟೋದಲ್ಲೊಂದು ಆಪರೇಷನ್

"ವೀಸಾಕ್ಕೆ ಏಜೆಂಟ್ ಯಾಕೆ? ನಾನಿಲ್ವಾ!" ಎಂದು ನಾನು ಎದೆ ತಟ್ಟಿಕೊಂಡಾಗಲೇ ನನ್ನವಳು ಅನುಮಾನದಿಂದ ನೋಡಿದ್ದಳು. ಆ ನೋಟಕ್ಕೆ ಬೆಲೆ ಕೊಟ್ಟಿದ್ದರೆ ಇವತ್ತು ನಿಮ್ಮ ಮುಂದೆ ಹೀಗೆ ಮಾನ ಕಳೆದುಕೊಳ್ಳಬೇಕಿರಲಿಲ್ಲ.

ಅವಳ ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಒಂದು ಗಂಟು. ನರಕ್ಕೆ ಅಂಟಿಕೊಂಡಿದೆ, ಹೊರದೇಶದಲ್ಲೇ ತೆಗೆಸಬೇಕು ಎಂದಿದ್ದರು ಡಾಕ್ಟರು. ಅಲ್ಲಿನ ಆಸ್ಪತ್ರೆ ಮುಂದಿನ ತಿಂಗಳಿಗೆ ದಿನ ಕೊಟ್ಟಿತ್ತು. ಅದು ತಪ್ಪಿದರೆ ಮತ್ತೆ ಯಾವಾಗಲೋ! ಡಾಕ್ಟರ ಪತ್ರ, ಸ್ಕ್ಯಾನು, ಬ್ಯಾಂಕಿನ ಕಾಗದ ಎಲ್ಲವನ್ನೂ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಜೋಡಿಸಿದೆ. ಉಳಿದದ್ದು ಫೋಟೋ. ಅರ್ಧ ಆಯುಷ್ಯ ಫೋಟೋ ಸ್ಟುಡಿಯೋದಲ್ಲೇ ಕಳೆದವನಿಗೆ ಅದೊಂದು ಲೆಕ್ಕವೇ?

ನನ್ನ ಸ್ಟುಡಿಯೋದಿಂದ ಒಂದೇ ಒಂದು ಮೊಡವೆಯೂ ಇವತ್ತಿನವರೆಗೆ ಅಚ್ಚಾಗಿ ಹೊರಬಿದ್ದಿಲ್ಲ! ಕಂಪ್ಯೂಟರಿನ ಮುಂದೆ ಕೂತರೆ ಕೈ ತಾನಾಗಿಯೇ ಓಡುತ್ತದೆ. ಅವಳ ಕಣ್ಣ ಕೆಳಗಿನ ಕಪ್ಪು ಹೋಯಿತು, ನರೆ ಹೋಯಿತು, ಗಂಟೂ ಹೋಯಿತು! ನಿಜ ಹೇಳುತ್ತೇನೆ, ಆ ಗಂಟನ್ನು ಕಂಡರೆ ನನಗೆ ಭಯ. ಪರದೆಯ ಮೇಲಾದರೂ ಅದು ಮಾಯವಾದಾಗ ಜೀವಕ್ಕೆ ಹಾಯೆನಿಸಿತು. ಅದೇ ಹುಮ್ಮಸ್ಸಿನಲ್ಲಿ, ಜೊತೆಗೆ ಹೋಗಬೇಕಾದ ನನ್ನ ಫೋಟೋಗೂ ಒಂದಿಷ್ಟು ಕೂದಲು ದಯಪಾಲಿಸಿದೆ.

ವೀಸಾ ಕಚೇರಿಯ ಕೌಂಟರಿನಲ್ಲಿದ್ದ ಹೆಂಗಸು ಡಾಕ್ಟರ ಪತ್ರ ಓದಿದರು. ಫೋಟೋ ನೋಡಿದರು. ಆಮೇಲೆ ನನ್ನವಳ ಕತ್ತು ನೋಡಿದರು.

"ಸರ್, ಪೇಷೆಂಟ್ ಯಾರು?"

"ಇವಳೇ ಮೇಡಂ."

"ಮತ್ತೆ ಫೋಟೋದಲ್ಲಿರೋರು?"

"ಅದೂ ಇವಳೇ!"

"ಇದ್ರಲ್ಲಿ ಗಂಟೇ ಇಲ್ವಲ್ಲ! ಇಲ್ಲದ ಗಂಟು ತೆಗೆಸೋಕೆ ಅಷ್ಟು ದೂರ ಯಾಕೆ ಹೋಗ್ತೀರಿ?" ಎಂದು ಇನ್ನೊಂದು ಫೋಟೋ ಎತ್ತಿ ಹಿಡಿದರು. "ಜೊತೆಗೆ ಹೋಗೋದು ಇವರಾ? ಮಗ ಬಂದಿಲ್ವಾ?"

ನಾನು ಇಂಗು ತಿಂದ ಮಂಗನಂತೆ ನಿಂತೆ. ಅವರ ದೃಷ್ಟಿ ನಿಧಾನವಾಗಿ ನನ್ನ ಬೋಳುತಲೆಗೆ ಏರಿತು.

"ಇವರು ಫೋಟೋಗ್ರಾಫರು ಮೇಡಂ" ಎಂದಳು ನನ್ನವಳು. "ಆಪರೇಷನ್ ಮನೇಲೇ ಮುಗಿಸಿದ್ದಾರೆ. ಡಾಕ್ಟ್ರಿಗೆ ಕೆಲಸಾನೇ ಉಳಿಸಿಲ್ಲ!"

ಅವರಿಗೂ ನಗು ತಡೆಯಲಾಗಲಿಲ್ಲ. ಆದರೆ ಕಾನೂನು ನಗುವುದಿಲ್ಲವಲ್ಲ! "ತಿದ್ದಿದ ಫೋಟೋ ಹೋದ್ರೆ ಅರ್ಜಿ ವಾಪಸ್ ಬರುತ್ತೆ ಸರ್. ಕೌಂಟರ್ ಮುಚ್ಚೋದ್ರೊಳಗೆ ಬೇರೆ ಕೊಡಿ. ಮೂಲೇಲಿ ಫೋಟೋ ಮೆಷಿನ್ ಇದೆ."

ನನ್ನ ಶೋಕಿಯಿಂದ ಅವಳ ಆಪರೇಷನ್ನೇ ತಪ್ಪಿಹೋದರೆ? ಅವಳ ಕೈ ಹಿಡಿದು ಓಡಿದೆ. ಸ್ಟುಡಿಯೋ ಮಾಲೀಕನಾದ ನಾನು ನಾಣ್ಯ ಹಾಕಿ, ತಗಡಿನ ಪೆಟ್ಟಿಗೆಯೊಂದರ ಮುಂದೆ ಕೈಕಟ್ಟಿ ಕೂತೆ! ಬೆಳಕು ನೆಟ್ಟಗಿಲ್ಲ, ಕೋನ ನೆಟ್ಟಗಿಲ್ಲ. ಗಂಟು ಗಂಟಾಗಿಯೇ, ಬೋಳು ಬೋಳಾಗಿಯೇ ಬಂತು. ಕೌಂಟರಿನಲ್ಲಿ ಸೀಲು ಬಿದ್ದ ಸದ್ದು ಕೇಳಿದ ಮೇಲೆಯೇ ನಾನು ಉಸಿರು ಬಿಟ್ಟದ್ದು.

ಹೊರಗೆ ಬಂದು ಹಳೆಯ ಫೋಟೋಗಳನ್ನು ಹರಿಯಹೊರಟೆ. ಅವಳು ತಟ್ಟನೆ ಕಸಿದುಕೊಂಡು ಪರ್ಸಿಗೆ ಸೇರಿಸಿದಳು.

"ಇನ್ನೂ ಯಾಕೇ ಅದು?"

"ಡಾಕ್ಟ್ರಿಗೆ ತೋರಿಸ್ತೀನಿ. ಟೈಲರ್‌ಗೆ ಅಳತೆ ಬ್ಲೌಸ್ ಕೊಡಲ್ವಾ, ಹಾಗೆ. 'ನನ್ನ ಕತ್ತು ಹೀಗೇ ಬರ್ಬೇಕು' ಅಂತೀನಿ."

ಅವಳ ದನಿ ಒಂಚೂರು ನಡುಗಿತು. ಮಾತು ಮರೆಸಲು ನಾನು ಕೈ ಚಾಚಿದೆ. "ನನ್ನ ಫೋಟೋನಾದ್ರೂ ಕೊಡೇ, ಹರೀತೀನಿ" ಎಂದೆ.

"ಬೇಡ ರೀ, ಅದನ್ನೂ ತೋರಿಸ್ತೀನಿ. ಅಷ್ಟು ದೊಡ್ಡ ಆಸ್ಪತ್ರೆ, ಕೇಳಿದ್ರೆ ತಪ್ಪೇನು? ಆಗಲ್ಲ ಅಂದ್ರೆ ನಾನೊಬ್ಬಳೇ ರಿಪೇರಿಯಾಗಿ ಬರ್ತೀನಿ!"