ಹಾಡುಗಾರರಿಗೆ ಬಡಿಸದ ಊಟ

ನಾವು ಯಾರಿಗಾದರೂ ಮನಸಾರೆ ಉಪಚಾರ ಮಾಡಬೇಕೆಂದು ಹೊರಟರೆ ಸಾಕು, ಎಲ್ಲಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಉಳಿದವರದ್ದು ಬಿಡಿ, ಬಂಟ್ವಾಳದ ಹಾಡುಗಾರರೊಬ್ಬರನ್ನು ನೆನೆದರೆ ಇವತ್ತಿಗೂ ಹೊಟ್ಟೆ ಚುರ್ ಅನ್ನುತ್ತದೆ.

ಐವತ್ತರ ದಶಕದ ಕೊನೆಯ ಮಾತು. ಅವರು ಸಿನಿಮಾ ಧಾಟಿಯಲ್ಲಿ ತುಳು ಹಾಡು ಕಟ್ಟಿ, ಹಾರ್ಮೋನಿಯಂ ನುಡಿಸುತ್ತಾ ಹಾಡುತ್ತಿದ್ದರು. ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ಅವರ ಹಾಡಿಲ್ಲದ ಮದುವೆ ಸಪ್ಪೆ. ನನಗಂತೂ ಅವರ ಹುಚ್ಚು. ಅವರ ಹಾಗೆಯೇ ಕ್ರಾಪು ಬಿಟ್ಟು ಅಪ್ಪನಿಂದ ಚೆನ್ನಾಗಿ ಬೈಸಿಕೊಂಡವನು ನಾನು.

ಭಾವ

ಅಣ್ಣನ ಮದುವೆಯ ಮರುದಿನ ಮೂಡುಬಿದಿರೆಯ ನಮ್ಮ ಮನೆಯಲ್ಲಿ ಅವರ ಹಾಡು ಇಡಿಸಿದೆ. ಬೆಳ್ತಂಗಡಿಯಲ್ಲಿ ಹಾಡು ಮುಗಿಸಿ ಹತ್ತಿದ ಬಸ್ಸು ಗುರುವಾಯನಕೆರೆಯಲ್ಲಿ ಕೆಟ್ಟು ನಿಂತು, ಅವರು ನಮ್ಮಲ್ಲಿಗೆ ಮುಟ್ಟುವಾಗ ಕತ್ತಲೆಯಾಗಿತ್ತು. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟ ಇಲ್ಲ. ಅಮ್ಮನಂತೂ ಭಾರೀ ಕಟ್ಟುನಿಟ್ಟು, ಮದುಮಗನಿಗೂ ರಿಯಾಯಿತಿ ಕೊಟ್ಟವಳಲ್ಲ. ಊಟ ಬೆಳಗ್ಗೆ ಮಾಡುವ ಅಂತ ಸಮಾಧಾನ ಹೇಳಿ ಹಾಡಲು ಕೂರಿಸಿದೆವು.

ಅವರು ಕಣ್ಣು ಮುಚ್ಚಿ ಒಂದೊಂದು ಸಾಲನ್ನೂ ಎಳೆದೆಳೆದು ಹಾಡಿದರು. ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಎಂಥ ಭಾವ ಅಂತ ನಾನು ಕರಗಿಹೋದೆ. ಮುಗಿದ ಮೇಲೆ ಹತ್ತಿರ ಹೋಗಿ ಹೊಗಳಿದರೆ ಮೆಲ್ಲಗೆ ಹೇಳಿದರು: "ಭಾವ ಅಲ್ಲ ಮಾರಾಯ, ಹಸಿವು."

ಇನ್ನೊಂದು

ಬೆಳಗ್ಗೆ ನಾವು ಏಳುವ ಮೊದಲೇ ಅವರು ಮೊದಲ ಬಸ್ಸು ಹಿಡಿದಿದ್ದರು. ಮನೆಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದೆವಲ್ಲ ಎಂದು ಅಮ್ಮ ವರ್ಷವಿಡೀ ಕೊರಗಿದಳು. ಹಾಗಾಗಿ ತಂಗಿಯ ನಿಶ್ಚಯದ ದಿನ ಅವರನ್ನು ಮಧ್ಯಾಹ್ನಕ್ಕೇ ಬರಹೇಳಿದೆ. ಅಮ್ಮ ಹೋಳಿಗೆ, ಪಾಯಸ ಮಾಡಿ ಕಾದಳು. ಅವರೂ ಹೊತ್ತಿಗೆ ಸರಿಯಾಗಿ ಬಂದರು. ಆದರೆ ಹೊಟ್ಟೆ ತುಂಬಿದರೆ ಸ್ವರ ಏಳುವುದಿಲ್ಲ, ಹಾಡಿಯೇ ಉಣ್ಣುತ್ತೇನೆ ಎಂದುಬಿಟ್ಟರು.

ನಾನು ಬಿಸಿಲಿನ ಮೇಲೆ ಒಂದು ಕಣ್ಣಿಟ್ಟು ಕೂತೆ. ಇನ್ನೂ ಹೊತ್ತಿರುವಾಗಲೇ ಹಾಡು ನಿಲ್ಲಿಸಿದೆ. ಅಷ್ಟರಲ್ಲಿ ಒಳಗಿನಿಂದ ಅಪ್ಪಣೆ ಬಂತು, ಇನ್ನೊಂದು ಆಗಲಿ ಅಂತ. ಅದಾದ ಮೇಲೆ ಮತ್ತೊಂದು. ಹೇಳಿ ಕಳಿಸಿದ್ದು ಯಾರು? ಸಿನಿಮಾ ಧಾಟಿ ಮನೆಗೆ ಒಳ್ಳೆಯದಲ್ಲ ಎನ್ನುತ್ತಿದ್ದ ನನ್ನ ಅಮ್ಮ! ಕೊನೆಗೆ ಬಾಳೆಲೆ ಹಿಡಿದು ಹೊರಗೆ ಬರುವಾಗ ಸೂರ್ಯ ಮುಳುಗಿದ್ದ. ಆಕಾಶ ನೋಡಿ ಅಲ್ಲೇ ನಿಂತುಬಿಟ್ಟಳು ಪಾಪ.

"ಪರವಾಗಿಲ್ಲ ಅಮ್ಮ," ಎಂದರು ಹಾಡುಗಾರರು. "ಊಟ ಎಲ್ಲಿಯೂ ಸಿಗ್ತದೆ. ಅಡುಗೆಮನೆಯಿಂದ ಒನ್ಸ್ ಮೋರ್ ಬಂದದ್ದು ಇದೇ ಮೊದಲು."

ಹಾರ್ಮೋನಿಯಂ ಇಲ್ಲದ ಭಾನುವಾರ

ಹಾಡೇ ಬೇಡ, ಬರೀ ಊಟಕ್ಕೆ ಕರೆಯುವ ಎಂದಳು ಅಮ್ಮ. ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಅವರು ಸಿಕ್ಕಾಗ ಹಾರ್ಮೋನಿಯಂ ತರಕೂಡದೆಂದು ಷರತ್ತು ಹಾಕಿ ಕರೆದೆ. ನಕ್ಕು ಒಪ್ಪಿದರು. ಆ ಭಾನುವಾರವೇ ನೇತ್ರಾವತಿ ಉಕ್ಕಿ ಬಂಟ್ವಾಳದ ಪೇಟೆಯಲ್ಲಿ ದೋಣಿ ಓಡಿತು. ಊಟ ಎಲ್ಲಿಗೆ ಓಡಿಹೋಗ್ತದೆ, ಮಳೆ ಬಿಡಲಿ ಎಂದು ಹೇಳಿ ಕಳಿಸಿದರು.

ಮಳೆ ಬಿಡುವ ಮೊದಲೇ ಜ್ವರ ಬಂದು ತೀರಿಕೊಂಡರು. ಸಣ್ಣ ಪ್ರಾಯ. ನಾನು ಅತ್ತೆ. ಅಮ್ಮ ಅಳಲಿಲ್ಲ, ಮನೆಯಲ್ಲಿ ಪಾಯಸ ಮಾಡುವುದನ್ನೇ ನಿಲ್ಲಿಸಿದಳು.

ಬೊಜ್ಜ

ಉತ್ತರಕ್ರಿಯೆಯ ಬೊಜ್ಜಕ್ಕೆ ಅಮ್ಮನೂ ನನ್ನ ಜೊತೆ ಹೊರಟಳು. ಅವರ ಹೆಂಡತಿಯ ಕೈ ಹಿಡಿದುಕೊಂಡು, ನಿನ್ನ ಗಂಡನಿಗೆ ಒಂದು ತುತ್ತು ಅನ್ನ ಹಾಕುವ ಯೋಗ ನನಗೆ ಬರಲಿಲ್ಲ ಮಗಾ ಎಂದು ಗೊಳೋ ಎಂದು ಅತ್ತಳು. ಬಂದವರೆಲ್ಲ ತಿರುಗಿ ನೋಡಿದರು. ನನಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ.

ಆಕೆ ಸೆರಗಿನಿಂದ ಅಮ್ಮನ ಕಣ್ಣೊರೆಸಿದಳು.

"ಹಾಗೆ ಹೇಳಬೇಡಿ ಅಮ್ಮ. ನಾನು ಮಾಡಿದ ಗಂಜಿ ಚಟ್ನಿ ರುಚಿ ಉಂಟು ಅಂತ ಅವರು ಬಾಯಿಬಿಟ್ಟು ಹೇಳಿದ್ದು ನಿಮ್ಮಲ್ಲಿ ಹಾಡಿ ಬಂದ ಆ ಎರಡು ಸಲ ಮಾತ್ರ. ಆ ಭಾನುವಾರವೂ ನೀವು ಅವರನ್ನು ಉಪವಾಸವೇ ಕಳಿಸಬೇಕು ಅಂತ ನಾನು ಆಸೆಪಟ್ಟಿದ್ದೆ."